ಮಾತ್ರೆ ಬಿಡುವ ಮೊದಲು ಕೇಳಿ

ಮಾನ್ಯರೇ,

ಮಗು ಬೇಕೆಂದು ನನ್ನ ತಂಗಿ ಬೈಪೋಲಾರ್ (ಮನಸ್ಸು ಕೆಲವು ಕಾಲ ಅತಿಯಾಗಿ ಏರಿ, ಕೆಲವು ಕಾಲ ತೀರಾ ಕುಗ್ಗುವ ಕಾಯಿಲೆ) ಮಾತ್ರೆಯನ್ನು ಒಂದೇ ದಿನದಲ್ಲಿ ಬಿಟ್ಟಳು. ಮೂರೇ ವಾರ. ರಾತ್ರಿ ಎರಡು ಗಂಟೆಗೆ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ತಂದು ಉಜ್ಜುತ್ತಾ ಕೂತಿದ್ದಳು. ನಿದ್ದೆಯೇ ಇಲ್ಲ.

ಮಾತ್ರೆಯಿಂದ ಹೊಟ್ಟೆಯ ಮಗುವಿಗೆ ತೊಂದರೆಯಾದೀತು ಎಂಬ ಅವಳ ಭಯ ಸುಳ್ಳಲ್ಲ. ಈ ಕಾಯಿಲೆಗೆ ಕೊಡುವ ವ್ಯಾಲ್ಪ್ರೊಯೇಟ್ ಎಂಬ ಮಾತ್ರೆಯನ್ನು ಬಸುರಿನಲ್ಲಿ ತೆಗೆದುಕೊಂಡ ತಾಯಂದಿರ 100 ಶಿಶುಗಳಲ್ಲಿ ಸುಮಾರು 10ಕ್ಕೆ ಹುಟ್ಟಿನಿಂದಲೇ ದೊಡ್ಡ ತೊಂದರೆ ಇರುತ್ತದೆ. ಮಗುವಿನ ಬೆನ್ನುಹುರಿಗೆ ರೂಪ ಬರುವುದು ಮೊದಲ 28 ದಿನಗಳಲ್ಲೇ, ಎಷ್ಟೋ ಸಲ ಬಸುರಿ ಎಂದು ಗೊತ್ತಾಗುವ ಮೊದಲೇ. ಆದರೆ ಎಲ್ಲ ಮಾತ್ರೆಯೂ ಒಂದೇ ಅಲ್ಲ, ಅಲ್ವಾ? ಮಗುವಿಗೆ ಅಪಾಯ ಕಡಿಮೆ ಇರುವ ಲ್ಯಾಮೋಟ್ರಿಜಿನ್‌ನಂಥ ಮಾತ್ರೆಗಳೂ ಇವೆ. ಲಿಥಿಯಂ ಎಂಬ ಇನ್ನೊಂದು ಮಾತ್ರೆಯನ್ನೂ ಕೆಲವರಿಗೆ ರಕ್ತಪರೀಕ್ಷೆ ಮಾಡುತ್ತಾ ಮುಂದುವರಿಸುತ್ತಾರೆ. ಬದಲಿಸಲು ಸಮಯ ಬೇಕು, ಅಷ್ಟೆ. ಇದನ್ನು ತಂಗಿಗೆ ಯಾರೂ ಹೇಳಿರಲಿಲ್ಲ. ಮಗು ಹೆರುವ ವಯಸ್ಸಿನ ಹೆಣ್ಣುಮಗಳಿಗೆ ಮಾತ್ರೆ ಬರೆಯುವ ದಿನವೇ ಡಾಕ್ಟರ್ ಈ ಮಾತು ಎತ್ತಬೇಕು. ಕೇಳಲು ಯಾರೂ ಇಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.

– ಒಬ್ಬ ಅಕ್ಕ, ಹಾಸನ