ತೊಟ್ಟಿಯ ಬಳಿಯ ಪೆಟ್ಟಿಗೆ

ಮಾಟುಂಗ, ಮುಂಬಯಿ

ಚಿ. ಸ್ವಾತಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪುಣೆಯ ಕಾರ್ಮಿಕ ಇಲಾಖೆಯಲ್ಲಿ ನಿನಗೆ ಕೆಲಸವಾಯಿತೆಂದು ನಿನ್ನ ಅಪ್ಪ ತಿಳಿಸಿದ ದಿನದಿಂದ ಈ ಪತ್ರ ಬರೆಯಬೇಕೆಂದಿದ್ದೆ. ತಪಾಸಣೆಗೆ ಹೋದಲ್ಲಿ ಮೊದಲು ಅಲ್ಲಿ ದುಡಿಯುವ ಮಗುವನ್ನು ನೋಡು, ಹಾಜರಿ ಮಸ್ಟರನ್ನು ಆಮೇಲೆ ನೋಡು. ನಾನು ಹೇಳಬೇಕಾಗಿರುವುದು ಇಷ್ಟೇ.

ನಮ್ಮ ದೇಶದ ಮೊದಲ ಫ್ಯಾಕ್ಟರಿ ಕಾಯಿದೆ ಬಂದದ್ದು 1881ರಲ್ಲಿ. ಏಳು ವರ್ಷ ತುಂಬದವರನ್ನು ದುಡಿಸಕೂಡದು, ಏಳರಿಂದ ಹನ್ನೆರಡರವರೆಗಿನವರನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು ಎಂದು ಅದು ವಿಧಿಸಿತು. ಅದರ ಹಿಂದೆ ಇದ್ದದ್ದು ಕರುಣೆಯೊಂದೇ ಅಲ್ಲ. ಮುಂಬಯಿ ಗಿರಣಿಗಳ ಪೈಪೋಟಿಗೆ ಅಂಜಿದ ಇಂಗ್ಲೆಂಡಿನ ಲ್ಯಾಂಕಶೈರ್ ಬಟ್ಟೆ ಗಿರಣಿ ಮಾಲೀಕರ ಒತ್ತಾಯವೂ ಇತ್ತು. 100ಕ್ಕಿಂತ ಕಡಿಮೆ ಆಳುಗಳಿದ್ದ ಕಾರ್ಖಾನೆಗಳೂ, ಹೆಚ್ಚಾಗಿ ಐರೋಪ್ಯರ ಕೈಯಲ್ಲಿದ್ದ ನೀಲಿ ಬಣ್ಣ ತಯಾರಿಸುವ ಕಾರ್ಖಾನೆ ಮತ್ತು ಚಹಾ ತೋಟಗಳೂ ಅದರ ಹೊರಗೇ ಉಳಿದವು. ಕನಿಷ್ಠ ವಯಸ್ಸು 1891ರಲ್ಲಿ 9ಕ್ಕೆ, 1922ರಲ್ಲಿ 12ಕ್ಕೆ ಏರಿತು. ಆದರೆ ಹುಟ್ಟಿದ ತಾರೀಕನ್ನೇ ಬರೆದಿಡದ ಮನೆಯ ಮಗುವಿನ ವಯಸ್ಸನ್ನು ತಿಳಿಯುವುದು ಹೇಗೆ? ವೈದ್ಯರು ಬಾಯಿ ತೆರೆಸಿ, ಹಲ್ಲು ನೋಡಿ ಪ್ರಮಾಣಪತ್ರ ಕೊಡುತ್ತಿದ್ದರು. 1911ರಲ್ಲಿ ಬಟ್ಟೆ ಗಿರಣಿಗಳಲ್ಲಿ ಮಕ್ಕಳ ದುಡಿಮೆ 6 ಗಂಟೆಗೆ ಇಳಿದ ಮೇಲೆ, ಬೇರೆ ಬೇರೆ ಹೆಸರಿನ ಎರಡು ಪ್ರಮಾಣಪತ್ರ ಇಟ್ಟುಕೊಂಡು ಒಂದೇ ದಿನ ಎರಡು ಗಿರಣಿಗಳಲ್ಲಿ ದುಡಿದ ಮಕ್ಕಳಿದ್ದರು. ಎರಡು ಕಡೆಯ ಮಸ್ಟರೂ ಕಾಯಿದೆಗೆ ಸರಿಯಾಗಿಯೇ ಇತ್ತು.

ಇದು ಪರಂಗಿಯವರ ಕಾಲಕ್ಕೇ ಮುಗಿಯಿತೆಂದು ತಿಳಿಯಬೇಡ. 1961ರಲ್ಲಿ ಊರಿನಿಂದ ಬಂದು ಮುಂಬಯಿಯ ಫೋರ್ಟ್ ಭಾಗದ ಒಂದು ಹೋಟೆಲಿನಲ್ಲಿ ಮಾಣಿಯಾಗಿ ಸೇರಿದಾಗ ನನಗೆ ಹನ್ನೊಂದು ವರ್ಷ. ಮಕ್ಕಳನ್ನು ಇಟ್ಟುಕೊಳ್ಳಬಾರದೆಂಬ 1948ರ ಅಂಗಡಿ ಕಾಯಿದೆ ಆಗಲೇ ಜಾರಿಯಲ್ಲಿತ್ತು. ತಪಾಸಣೆಯ ಸಾಹೇಬರು ಬಂದರೆಂದು ಗಲ್ಲಾಪೆಟ್ಟಿಗೆಯ ಕಡೆಯಿಂದ ಸನ್ನೆಯಾದ ಕೂಡಲೇ ನಾವು ಮೂವರು ಹುಡುಗರು ಅಕ್ಕಿ ಮೂಟೆಗಳ ಹಿಂದೆ ಅಡಗುತ್ತಿದ್ದೆವು. ಒಮ್ಮೆ ಸಾಹೇಬರು ಒಳಗಿನವರೆಗೂ ಬಂದರು. ತೊಳೆಯುವ ತೊಟ್ಟಿಯ ಅಂಚು ನನಗೆ ಎಟುಕುತ್ತಿರಲಿಲ್ಲವಾದ್ದರಿಂದ ಅಲ್ಲಿ ಒಂದು ಮರದ ಪೆಟ್ಟಿಗೆ ಬೋರಲಾಗಿ ಹಾಕಿತ್ತು. ಅದರ ಮೇಲೆ ನನ್ನ ಒದ್ದೆ ಕಾಲಿನ ಗುರುತು ಇನ್ನೂ ಆರಿರಲಿಲ್ಲ. ಅವರು ಅದನ್ನು ದಾಟಿಕೊಂಡು ಹೋಗಿ ಮಸ್ಟರಿಗೆ ಸಹಿ ಹಾಕಿದರು. ಮುಂದೆ ರಾತ್ರಿಶಾಲೆಯ ಕನ್ನಡ ಮೇಷ್ಟ್ರು ಅಕ್ಷರ ಕಲಿಸದೆ ಇದ್ದಿದ್ದರೆ ಈ ಪತ್ರ ಬರೆಯಲು ನನಗೆ ಬರುತ್ತಿರಲಿಲ್ಲ.

ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಬಂದ ತಿದ್ದುಪಡಿಯಿಂದ ಹದಿನಾಲ್ಕರೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆದರೂ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮನೆಯವರ ಅಪಾಯವಿಲ್ಲದ ಉದ್ಯೋಗಕ್ಕೆ ಕೈಜೋಡಿಸಬಹುದೆಂಬ ವಿನಾಯಿತಿ ಇದೆ. ಸೋದರಮಾವ, ಚಿಕ್ಕಪ್ಪಂದಿರೂ ಆ ಮನೆಯವರ ಲೆಕ್ಕಕ್ಕೆ ಬರುತ್ತಾರೆ. ಅದು ನನಗೆ ಸರಿಕಾಣದು, ಆದರೆ ನೀನು ಅದರೊಳಗೇ ಕೆಲಸ ಮಾಡಬೇಕು. ‘ಇವನು ನಮ್ಮ ಅಕ್ಕನ ಮಗ’ ಎಂದು ಮಾಲೀಕರು ಹೇಳಿದರೆ, ಯಾವ ಶಾಲೆ, ಎಷ್ಟನೇ ತರಗತಿ, ಮೇಷ್ಟ್ರ ಹೆಸರೇನು ಎಂದು ಹುಡುಗನನ್ನೇ ಪಕ್ಕಕ್ಕೆ ಕರೆದು ಕೇಳು. ನಮ್ಮ ಕಡೆಯವನಾದರೆ ಕನ್ನಡದಲ್ಲೇ ಕೇಳು. ಬಿಡಿಸಿದ ಮೇಲೆ ಅವನ ಬಾಕಿ ಸಂಬಳ ಮನೆಗೆ ತಲುಪಿತೇ, ಶಾಲೆಗೆ ಸೇರಿದನೇ ಎಂದು ತಿಂಗಳ ಬಳಿಕ ವಿಚಾರಿಸು. ಸಹಿ ಹಾಕುವ ಮೊದಲು ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ತೊಟ್ಟಿಯ ಹತ್ತಿರ ಒಮ್ಮೆ ನಿಂತು ನೋಡು.

ನಿನ್ನ ದೊಡ್ಡಪ್ಪ