ಮರಳಿ ಬಂದ ಹಳೆಯ ಔಷಧಿ ಕೆಡದಿರಲಿ

ಮಾನ್ಯರೇ,

ಹೊಸ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಸೋಂಕುಗಳಿಗೆ ವೈದ್ಯರು ಈಗ ಹಳೆಯ ಔಷಧಿಗಳನ್ನೇ ಮತ್ತೆ ಬಳಸುತ್ತಿದ್ದಾರೆ. ಅವನ್ನಾದರೂ ನಾವು ಬೇಕಾಬಿಟ್ಟಿ ಬಳಸಿ ಕೆಡಿಸಿಕೊಳ್ಳಬಾರದು.

ಕಳೆದ ವರ್ಷ ನಮ್ಮ ತಾಯಿಗೆ ಮೂತ್ರದ ಸೋಂಕು ಬಿಡದೆ ಕಾಡಿತು. ಸೋಂಕಿನ ಬ್ಯಾಕ್ಟೀರಿಯಾಕ್ಕೆ ಯಾವ ಔಷಧಿ ನಾಟುತ್ತದೆ ಎಂದು ನೋಡುವ ಕಲ್ಚರ್ ಪರೀಕ್ಷೆಯ ವರದಿಯಲ್ಲಿ ಔಷಧಿಗಳ ಹೆಸರಿನ ಮುಂದೆ ಸಾಲಾಗಿ ‘ಆರ್’ ಅಂತಲೇ ಇತ್ತು, ಅಂದರೆ ಇದು ಕೆಲಸ ಮಾಡುವುದಿಲ್ಲ ಎಂದು. ಕೆಳಗೆ ಒಂದೇ ಒಂದು ‘ಎಸ್’, ಅಂದರೆ ಇದು ಕೆಲಸ ಮಾಡುತ್ತದೆ ಎಂದು. ಅದು 1950ರ ದಶಕದ ನೈಟ್ರೋಫ್ಯುರಾಂಟಾಯಿನ್. ಅಮ್ಮ ಅದರಿಂದಲೇ ಗುಣವಾದರು.

ಕೊಲಿಸ್ಟಿನ್ ಎಂಬ ಇನ್ನೊಂದು ಹಳೆಯ ಆಂಟಿಬಯಾಟಿಕ್‌ನ ಕಥೆಯೂ ಹೀಗೇ. ಕಿಡ್ನಿಗೆ ತೊಂದರೆ ಕೊಡುತ್ತದೆಂದು ಹಿಂದೆ ಮೂಲೆ ಸೇರಿತ್ತು. ಈಗ ಐಸಿಯು ರೋಗಿಗಳಿಗೆ ಎಷ್ಟೋ ಸಲ ಅದೇ ಕೊನೆಯ ಆಸರೆ. ಇಂಥ ಔಷಧಿಯನ್ನು ಕೋಳಿ ಬೇಗ ಬೆಳೆಯಲಿ ಎಂದು ಮೇವಿಗೆ ಬೆರೆಸುತ್ತಿದ್ದರು ಎಂದರೆ ಹೊಟ್ಟೆ ಉರಿಯುತ್ತದೆ. ಕೊಲಿಸ್ಟಿನ್‌ಗೂ ಬಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ ಚೀನಾದಲ್ಲಿ ಪತ್ತೆಯಾಗಿದ್ದು 2015ರಲ್ಲಿ ವರದಿಯಾಯಿತು. ನಮ್ಮ ಕೇಂದ್ರ ಸರ್ಕಾರ 2019ರಲ್ಲಿ ಕೋಳಿ, ಮೀನು, ದನಕರುಗಳ ಸಾಕಣೆಯಲ್ಲಿ ಅದರ ಬಳಕೆ ನಿಷೇಧಿಸಿತು. ಒಳ್ಳೆಯ ಕೆಲಸ.

ಆದರೆ ಮೆಡಿಕಲ್ ಶಾಪಿಗೆ ಹೋಗಿ ‘ಜ್ವರಕ್ಕೆ ಏನಾದ್ರೂ ಕೊಡಿ’ ಅಂದರೆ ಚೀಟಿ ಇಲ್ಲದೆಯೂ ಆಂಟಿಬಯಾಟಿಕ್ ಸಿಗುತ್ತದೆ ಅಲ್ವಾ? ಔಷಧ ನಿಯಂತ್ರಣ ಇಲಾಖೆ ಇದನ್ನು ಬಿಗಿಯಾಗಿ ತಡೆಯಬೇಕು. ಅಮ್ಮನ ಸ್ಯಾಂಪಲ್ ಹಿಡಿದು ನಾವು ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಓಡಬೇಕಾಯಿತು. ಕಲ್ಚರ್ ಪರೀಕ್ಷೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವಂತೆ ಆರೋಗ್ಯ ಇಲಾಖೆ ಮಾಡಲಿ.

– ಒಬ್ಬ ಓದುಗ, ತುಮಕೂರು ಜಿಲ್ಲೆ