ಮಗಳಿಗೊಂದು ಪತ್ರ: ಜ್ವರ ಎಷ್ಟಿದೆ ಹೇಳು

ಕಳಸವಳ್ಳಿ
ಭಾನುವಾರ, ಅಕ್ಟೋಬರ್ 5, 2025

ಪ್ರೀತಿಯ ಕೂಸೇ,

ಜ್ವರ ಇಳಿಯಿತಾ? ನಿನ್ನೆ ನೀನು ಸಿಟ್ಟಿನಲ್ಲಿ ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೆ ಅದನ್ನೇ ಕೇಳುತ್ತಿದ್ದೆ, ನೀನು ಇನ್ನಷ್ಟು ರೇಗುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ ಎದ್ದ ಮೇಲೆ ಫೋಟೊ ತೆಗೆಸಿ ವಾಟ್ಸಾಪ್‌ನಲ್ಲಿ ಹಾಕಿಸುತ್ತೇನೆ.

ಮನೆ ಭಣಗುಡುತ್ತಿದೆ. ದಸರೆಗೆ ಬಂದವರೆಲ್ಲ ಹೊರಟರು. ಅಪ್ಪ ಊಟ ಮಾಡಿ ಜಗಲಿಯಲ್ಲಿ ಮಲಗಿದ್ದಾರೆ. ಕೊನೆಕೊಯ್ಲಿಗೆ ಇನ್ನೂ ದಿನವಿದೆ. ಸಿಗಂದೂರಿಗೆ ಹೋಗುವ ಕಾರುಗಳ ಸದ್ದೊಂದು ನಿಲ್ಲುವುದಿಲ್ಲ. ಮೊದಲಾದರೆ ಹಿನ್ನೀರು ದಾಟಿಸುವ ಲಾಂಚ್ ದಡಕ್ಕೆ ಬಂದಾಗ ವಾಹನಗಳೆಲ್ಲ ಒಟ್ಟಿಗೆ ಹೋಗಿ, ಆಮೇಲೆ ರಸ್ತೆ ಸುಮ್ಮನಾಗುತ್ತಿತ್ತು. ಗಡಿಯಾರ ನೋಡದೆ ಹೊತ್ತು ಹೇಳಬಹುದಿತ್ತು.

ನಿನ್ನನ್ನು ಜರ್ಮನಿಗೆ ಕಳಿಸಿದ ದಿನದ ವಿಮಾನ ನಿಲ್ದಾಣದ ವಿಷಯ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

"ಅಮ್ಮ, ಲಾಂಚ್ ಕಾಲ ಮುಗೀತು, ಇನ್ನಾದರೂ ಆ ಕಥೆ ಬಿಡು" ಅಂದೆಯಲ್ಲ. ಮುಗಿದದ್ದು ನಿಜ. ಜುಲೈ 14ಕ್ಕೆ ಸೇತುವೆ ಆಯಿತು, ಎರಡೂವರೆ ಕಿಲೋಮೀಟರ್‌ಗೆ ಚೂರು ಕಡಿಮೆ. ಸಾಗರಕ್ಕೆ ಹೋಗಲು ಇನ್ನು ಯಾರ ವೇಳೆಗೂ ಕಾಯಬೇಕಿಲ್ಲ. ಆದರೂ ಹೊತ್ತು ಮುಳುಗಿ ಕೊನೆಯ ಲಾಂಚ್ ಹೋಗುತ್ತಿದ್ದ ವೇಳೆಯಾಗುತ್ತಿದ್ದಂತೆ ನನ್ನ ಮನಸ್ಸು ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ನೋಡಲು ಶುರುಮಾಡುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗಿನಿಂದ ಈ ಕಡೆಯ ಹೆಂಗಸರೆಲ್ಲ ಹಾಗೇ ನೋಡಿದವರು. ಎರಡೂವರೆ ತಿಂಗಳಲ್ಲಿ ಬಿಡು ಅಂದರೆ ಹೇಗೆ ಬಿಡಲಿ?

ಆ ರಾತ್ರಿ ನಿನಗೆ ಮೂರು ವರ್ಷ ತುಂಬಿರಲಿಲ್ಲ. ಆಷಾಢದ ಮಳೆ. ಮಧ್ಯಾಹ್ನ ಮೈ ಬೆಚ್ಚಗಿತ್ತು, ಅಷ್ಟೇ. ಕೊನೆಯ ಲಾಂಚ್ ಹೋದ ಮೇಲೆ ಜ್ವರ ಏರಿತು. ದೇವರಿಗೆ ದೀಪ ಹಚ್ಚಿ ತಿರುಗುವಷ್ಟರಲ್ಲಿ ನಿನ್ನ ಕಣ್ಣು ಮೇಲೆ ಸಿಕ್ಕಿಕೊಂಡು ಕೈಕಾಲು ಸೆಟೆದಿದ್ದವು. ಅಮ್ಮಮ್ಮ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಕೈಗೆ ಕಬ್ಬಿಣ ಕೊಡಿ ಅಂದರು ಯಾರೋ. ಸ್ವಲ್ಪ ಹೊತ್ತಿಗೆ ಸೆಟೆತ ಬಿಟ್ಟು ನೀನು ನಿದ್ದೆಗೆ ಜಾರಿದೆ. ಅದು ನಿದ್ದೆ ಅಂತ ನನಗೇನು ಗೊತ್ತು? ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂತೆ. ಅಪ್ಪ ಕಾಡಿನ ಸುತ್ತುದಾರಿಯಲ್ಲಾದರೂ ಹೋಗೋಣ ಅಂತ ಜೀಪು ಹುಡುಕಿಕೊಂಡು ಹೋದರು. ದಾರಿಗೆ ಮರ ಬಿದ್ದಿದೆ ಅಂತ ನೆನೆದುಕೊಂಡು ವಾಪಸ್ ಬಂದರು. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ಬೆರಳಿಟ್ಟು ನೋಡುವುದು, ಬೆಳಗಿನ ತನಕ ಅದೇ.

ಮೊದಲ ಲಾಂಚ್‌ಗೆ ನಿನ್ನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದೆವು. ಹೊಳೆ ನಡುವೆ ನೀನು ಕಣ್ಣು ಬಿಟ್ಟು "ಬಿಸ್ಕತ್ತು" ಅಂದೆ. ಚಿಕ್ಕ ಮಕ್ಕಳಿಗೆ ಜ್ವರ ಏರಿದಾಗ ಹೀಗೆ ಫಿಟ್ಸ್ ಬರುವುದುಂಟು, ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ದೊಡ್ಡವಳಾದ ಮೇಲೆ ಬರುವುದಿಲ್ಲ ಅಂತ ಸಾಗರದಲ್ಲಿ ಡಾಕ್ಟರು ಹೇಳಿದರು. ಅವರು ಹೇಳಿದ್ದೇ ನಿಜವಾಯಿತು. ನನಗೆ ಗೊತ್ತಿದೆ ಕೂಸೇ, ಇಪ್ಪತ್ತಮೂರು ವರ್ಷದವಳಿಗೆ ಅದು ಬರುವುದಿಲ್ಲ. ಆದರೆ ನೀನು "ಸ್ವಲ್ಪ ಜ್ವರ" ಅಂದ ಕೂಡಲೇ ಬೆರಳು ತಾನಾಗಿ ಏಳುತ್ತದೆ, ಇಡಲು ನೀನು ಹತ್ತಿರ ಇಲ್ಲ.

ಭಾನುವಾರ ಡ್ರೆಸ್ಡನ್‌ನಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ ಅಂದಿದ್ದೆ. ಹಾಗಾದರೆ ನಮಗೆ ಸಂಜೆ ಹೇಗಿತ್ತೋ ನಿನಗೆ ಭಾನುವಾರ ಹಾಗೇ. ಶನಿವಾರವೇ ಅಕ್ಕಿ, ಹಾಲು, ಜ್ವರದ ಮಾತ್ರೆ ತಂದಿಟ್ಟುಕೋ. ಸರದಿ ಪ್ರಕಾರ ಒಂದಾದರೂ ಔಷಧಿ ಅಂಗಡಿ ತೆರೆದಿರುತ್ತದಂತೆ, ಅದು ಎಲ್ಲಿ ಅಂತ ಹುಷಾರಾಗಿದ್ದಾಗಲೇ ನೋಡಿಡು. ತುರ್ತಿಗೆ 112, ಅಷ್ಟು ತುರ್ತಿಲ್ಲದಿದ್ದರೆ ಡಾಕ್ಟರ ಸಲಹೆಗೆ 116117. ಎರಡನ್ನೂ ಗೋಡೆಗೆ ಬರೆದು ಅಂಟಿಸು, ಫೋನ್ ಸತ್ತರೂ ಕಾಣಬೇಕು. ಪಕ್ಕದ ಕೋಣೆಯವರಿಗೆ ನಿನ್ನ ಹೆಸರು ಹೇಳಿಡು. ಓದಿನ ನೆಪದಲ್ಲಿ ರಾತ್ರಿ ಊಟ ಬಿಡಬೇಡ. ಬರಿಗಾಲಲ್ಲಿ ಓಡಾಡಬೇಡ. ಇಲ್ಲಿಗೇ ನಿಲ್ಲಿಸುತ್ತೇನೆ, ನೀನು ಓದುವುದನ್ನೇ ಬಿಟ್ಟೀಯ.

ಸೇತುವೆ ಇದ್ದರೆ ಸಾಕು ಅನ್ನುವವಳು ನೀನು. ನಿನ್ನ ಊರಿನ ಕರೋಲಾ ಸೇತುವೆಯ ಒಂದು ಭಾಗ ಹೋದ ವರ್ಷ ಸೆಪ್ಟೆಂಬರ್ 11ರ ನಸುಕಿಗೆ ಎಲ್ಬೆ ಹೊಳೆಗೆ ಕುಸಿಯಿತು, ಯಾರಿಗೂ ಏನೂ ಆಗಲಿಲ್ಲ ಅಂತ ನೀನೇ ಹೇಳಿದ್ದು. ನಾನು ಹೆದರಿಸುತ್ತಿಲ್ಲ. ಹೊಳೆ ದಾಟುವಾಗ ನೆನಪಿರಲಿ, ಅಷ್ಟೇ.

ನಿನ್ನೆ ದನಿ ಏರಿಸಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಹೋದದ್ದಕ್ಕೆ ಬೇಸರವೆಂದಲ್ಲ. ಲಾಂಚ್ ಹತ್ತಿ ಸಾಗರಕ್ಕೆ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ಈಗ ನೀರಿನ ಎಂಜಿನಿಯರಿಂಗ್ ಓದಲು ಹೋಗಿದ್ದಾಳೆ ಅಂತ ದಸರೆಗೆ ಬಂದವರಿಗೆಲ್ಲ ಅಪ್ಪ ಹೇಳಿದ್ದೇ ಹೇಳಿದ್ದು. ಅವರು ಬಿಟ್ಟಲ್ಲಿಂದ ನಾನು ಹೇಳಿದೆ. ಅಜ್ಜನ ಗದ್ದೆ ಆ ನೀರಿನಡಿ ಇದೆ. ಆ ಮನೆಯ ಮಗಳು ಅದನ್ನೇ ಕಲಿಯುತ್ತಾಳೆ ಅಂದರೆ ನನಗೆ ಎದೆ ತುಂಬುತ್ತದೆ.

ಇಲ್ಲಿ ಈಗ ಮೂರೂವರೆ, ನಿನಗೆ ಮಧ್ಯಾಹ್ನ ಹನ್ನೆರಡು. ತಿಂಗಳ ಕೊನೆಯ ಭಾನುವಾರದಿಂದ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ ಅಂದೆಯಲ್ಲ, ಆಮೇಲೆ ನಾನು ಎಷ್ಟು ಹೊತ್ತಿಗೆ ಫೋನ್ ಮಾಡಬೇಕು ಅಂತ ಬರೆದು ಕಳಿಸು. ಸೂಟ್‌ಕೇಸಿನ ಬದಿಯ ಜಿಪ್‌ನಲ್ಲಿ ಥರ್ಮಾಮೀಟರ್ ಇದೆ. "ಸ್ವಲ್ಪ ಬಿಸಿ" ಅನ್ನಬೇಡ, ಅದರಲ್ಲಿ ನೋಡಿ ಎಷ್ಟಿದೆಯೋ ಅಷ್ಟೇ ಹೇಳು.

ನಿನ್ನ
ಅಮ್ಮ